ಹಿತ್ತಲು ಒಂದೇ, ನೀರು ಬೇರೆ

ಬಾತುಕೋಳಿಯನ್ನೂ ನಾಟಿ ಕೋಳಿಯನ್ನೂ ಒಂದೇ ಹಿತ್ತಲಲ್ಲಿ ಸಾಕಬಹುದೇ ಎಂದು ಕೇಳಿದರೆ ಎರಡು ಬಗೆಯ ಉತ್ತರ ಸಿಗುತ್ತದೆ. ಧಾರಾಳವಾಗಿ ಸಾಕಿ, ಎರಡೂ ಕೋಳಿಯ ಜಾತಿಯೇ ಅಲ್ಲವೇ ಎನ್ನುವವರು ಕೆಲವರು. ಬೇಡವೇ ಬೇಡ, ಕಚ್ಚಾಡಿ ಸಾಯುತ್ತವೆ ಎನ್ನುವವರು ಇನ್ನು ಕೆಲವರು. ಜಗಳದ ಮಾತು ಅಷ್ಟು ದೊಡ್ಡದಲ್ಲ; ಮರಿಯಿಂದಲೇ ಜೊತೆಗೆ ಬೆಳೆದರೆ ವಾರದೊಳಗೆ ಅವು ತಮ್ಮ ತಮ್ಮ ಮೂಲೆ ಗೊತ್ತುಮಾಡಿಕೊಳ್ಳುತ್ತವೆ. ನಿಜವಾದ ತೊಡಕು ತೇವದ್ದು. ಬಾತು ಎಲ್ಲಿರುತ್ತದೋ ಅಲ್ಲಿ ನೆಲ ಒದ್ದೆಯಾಗುತ್ತದೆ, ಒದ್ದೆ ನೆಲ ಕೋಳಿಗೆ ಆಗಿಬರುವುದಿಲ್ಲ. ಸೂಲಿಬೆಲೆಯಂಥ ಊರಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ದೇವನಹಳ್ಳಿ–ಹೊಸಕೋಟೆ ರಸ್ತೆಯ ಮೇಲಿರುವ ಈ ಹೋಬಳಿ ರಾಗಿ, ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿಯ ಸೀಮೆ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ವರ್ಷವಿಡೀ ಹರಿಯುವ ಹೊಳೆಯಿಲ್ಲ, ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಸುಮಾರು 3.3 ಕೋಟಿ ಬಾತುಗಳಲ್ಲಿ ಬಹುಪಾಲು ಇದ್ದದ್ದು ಅಸ್ಸಾಂ, ಪಶ್ಚಿಮ ಬಂಗಾಳ, ಕೇರಳದಂಥ ನೀರಿನ ನಾಡುಗಳಲ್ಲಿ. ಆದ್ದರಿಂದ ಇಲ್ಲಿ ಬಾತು ಸಾಕುವವರು ಮೊದಲು ಲೆಕ್ಕ ಹಾಕಬೇಕಾದದ್ದು ನೀರನ್ನು. ನೀರಿನ ವ್ಯವಸ್ಥೆ ಸರಿಹೋದರೆ ಉಳಿದ ಮುಕ್ಕಾಲು ಪಾಲು ತಾಪತ್ರಯ ತಾನಾಗಿ ಇಳಿಯುತ್ತದೆ ಎಂಬುದು ಈ ಲೇಖನದ ವಾದ.

ಇಷ್ಟೆಲ್ಲ ಕಷ್ಟಪಟ್ಟು ಬಾತು ಏಕೆ ಬೇಕು, ಕೋಳಿಯೇ ಸಾಲದೇ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಮೊಟ್ಟೆಯಲ್ಲಿದೆ. ಖಾಕಿ ಕ್ಯಾಂಪ್‌ಬೆಲ್ ತಳಿಯ ಹೆಣ್ಣು ಬಾತು ಒಳ್ಳೆಯ ಆರೈಕೆಯಲ್ಲಿ ವರ್ಷಕ್ಕೆ 250ರಿಂದ 280 ಮೊಟ್ಟೆ ಇಡಬಲ್ಲದು. ನಾಟಿ ಹ್ಯಾಟೆ ಕಾವಿಗೆ ಕೂತು, ಮರಿ ಮಾಡಿ, ಮತ್ತೆ ಮೊಟ್ಟೆಗೆ ಬರುವ ಚಕ್ರದಲ್ಲಿ ಅದರ ಕಾಲು ಭಾಗ ಇಟ್ಟರೂ ಹೆಚ್ಚು. ಬಾತುಮೊಟ್ಟೆಯ ತೂಕ 65–70 ಗ್ರಾಂ. ಬಾತು ಎರಡನೆಯ ವರ್ಷವೂ ಚೆನ್ನಾಗಿಯೇ ಮೊಟ್ಟೆ ಇಡುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ ಎರಡು ಹಕ್ಕಿಗಳೂ ಒಂದೇ ಜಾಗದಲ್ಲಿ ಬೇರೆ ಬೇರೆ ತಿನಿಸು ಹುಡುಕುತ್ತವೆ. ಕೋಳಿ ಕಾಲಿನಿಂದ ಕೆದಕಿ ತಿಪ್ಪೆಯ ಹುಳ, ಕಾಳು, ಗೆದ್ದಲು ಹೆಕ್ಕುತ್ತದೆ. ಬಾತು ಕೆದಕುವುದಿಲ್ಲ; ಅಗಲ ಕೊಕ್ಕನ್ನು ಹಸಿ ನೆಲಕ್ಕೆ, ಹುಲ್ಲಿನ ಬುಡಕ್ಕೆ ತೂರಿಸಿ ಬಸವನಹುಳ, ಗೊಣ್ಣೆಹುಳ, ಎರೆಹುಳ ಜಾಲಾಡುತ್ತದೆ. ಮಳೆಗಾಲದಲ್ಲಿ ತರಕಾರಿ ಮಡಿಗೆ ನುಗ್ಗುವ ಬಸವನಹುಳುಗಳ ಮರಿಗಳನ್ನು ಮುಗಿಸಲು ಬಾತಿಗಿಂತ ಅಗ್ಗದ ಕೂಲಿಯಾಳಿಲ್ಲ. ಸೊಪ್ಪಿನ ಸಸಿಗಳನ್ನು ತುಳಿದು ತಿಂದು ಹಾಕುತ್ತದೆ ಎಂಬ ದೂರು ನಿಜ. ಆದರೆ ಬಲಿತ ಗಿಡದ ಬುಡ ಕೆದಕಿ ಬೇರು ಎಬ್ಬಿಸುವ ಕೋಳಿಯ ಚಾಳಿ ಬಾತಿಗಿಲ್ಲ.

ಇನ್ನು ತೇವ. ಬಾತು ನೀರು ಕುಡಿಯುವ ಕ್ರಮವನ್ನು ಹತ್ತಿರದಿಂದ ನೋಡಿದರೆ ಸಮಸ್ಯೆಯ ಬೇರು ಕಾಣುತ್ತದೆ. ಒಂದು ತುತ್ತು ತಿನ್ನುತ್ತದೆ, ಓಡಿಹೋಗಿ ಕೊಕ್ಕನ್ನು ಮೂಗಿನ ಹೊಳ್ಳೆಯವರೆಗೆ ನೀರಿಗೆ ಅದ್ದುತ್ತದೆ, ತಲೆ ಕೊಡವುತ್ತದೆ, ಮತ್ತೆ ತಿನಿಸಿನ ಕಡೆ ಓಡುತ್ತದೆ. ಆ ಓಡಾಟದಲ್ಲಿ ತೌಡು ನೀರಿಗೆ ಬೀಳುತ್ತದೆ, ನೀರು ತೌಡಿಗೆ ಚೆಲ್ಲುತ್ತದೆ, ಮಧ್ಯದ ದಾರಿ ಕೆಸರಾಗುತ್ತದೆ. ಇದು ಹಟವಲ್ಲ, ದೇಹದ ಅಗತ್ಯ: ಕಣ್ಣು ಮತ್ತು ಮೂಗಿನ ಹೊಳ್ಳೆಗಳನ್ನು ತೊಳೆದುಕೊಳ್ಳಲಾಗದ ಬಾತಿಗೆ ಕಣ್ಣು ಅಂಟಿಕೊಂಡು ಸೋಂಕಾಗುತ್ತದೆ. ಅದರ ಹಿಕ್ಕೆಯಲ್ಲೂ ಸುಮಾರು 90 ಭಾಗ ನೀರೇ. ಇಂಥ ಆರು ಬಾತುಗಳನ್ನು ಕೋಳಿಗೂಡಿನೊಳಗೆ ರಾತ್ರಿ ಕೂಡಿದರೆ ಬೆಳಗಾಗುವಷ್ಟರಲ್ಲಿ ಭತ್ತದ ಹೊಟ್ಟು ಮುದ್ದೆಯಾಗಿರುತ್ತದೆ. ಒದ್ದೆ ಹೊಟ್ಟಿನಲ್ಲಿ ಕೋಳಿಯ ರಕ್ತಭೇದಿಗೆ ಕಾರಣವಾಗುವ ಕಾಕ್ಸಿಡಿಯಾ ಜೀವಿಗಳು ಬಲಿಯುತ್ತವೆ, ಬೂಷ್ಟು ಹಿಡಿಯುತ್ತದೆ, ಅಮೋನಿಯಾ ಘಾಟು ಏಳುತ್ತದೆ. ಬಾತುಗಳ ಕಾಕ್ಸಿಡಿಯಾ ಬೇರೆ, ಕೋಳಿಗಳದ್ದು ಬೇರೆ. ಒಂದರದ್ದು ಇನ್ನೊಂದಕ್ಕೆ ಅಂಟುವುದಿಲ್ಲ. ಆದರೂ ಬಾತಿನ ಜೊತೆ ಕೂಡಿದ ಕೋಳಿಪಿಳ್ಳೆಗಳು ರಕ್ತಭೇದಿಯಿಂದ ಸಾಯುವುದುಂಟು. ಅಲ್ಲಿ ಬಾತು ರೋಗ ತಂದಿರುವುದಿಲ್ಲ, ಕೋಳಿಯಲ್ಲೇ ಇದ್ದ ರೋಗಕ್ಕೆ ಹಾಸಿಗೆ ಹಾಸಿಕೊಟ್ಟಿರುತ್ತದೆ. ಔಷಧಿ ಅಂಗಡಿಗೆ ಓಡುವ ಮೊದಲು ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ ನೋಡಬೇಕು. ಉಂಡೆಯಾಗಿ ನಿಂತರೆ ತಪ್ಪು ಎಲ್ಲಿದೆ ಎಂದು ಗೊತ್ತಾಯಿತು.

ಹಾಗಾಗಿ ಹಗಲು ಒಟ್ಟಿಗೆ, ರಾತ್ರಿ ಬೇರೆ ಎಂಬುದು ಮೊದಲ ನಿಯಮ. ಇದಕ್ಕೆ ಎರಡು ಶೆಡ್ ಕಟ್ಟಬೇಕಿಲ್ಲ. ಕೋಳಿ ಎತ್ತರದಲ್ಲಿ ಕೋಲಿನ ಮೇಲೆ ಕೂತು ಮಲಗುವ ಹಕ್ಕಿ, ಬಾತು ನೆಲದಲ್ಲೇ ಮಲಗುವ ಹಕ್ಕಿ. ಒಂದೇ ಸೂರಿನಡಿ ನಡುವೆ ಇಟ್ಟಿಗೆಯ ಅಡ್ಡಗೋಡೆ ಎತ್ತಿ, ಎರಡೂ ಕಡೆಗೆ ಬೇರೆ ಬೇರೆ ಬಾಗಿಲಿಟ್ಟರೆ ಸಾಕು. ಮೇಲೆ ಕೋಳಿ, ಕೆಳಗೆ ಬಾತು ಎಂದು ಮಹಡಿ ಕಟ್ಟುವವರಿದ್ದಾರೆ. ಜಾಗ ಉಳಿಯುತ್ತದೆ, ಆದರೆ ಇಡೀ ರಾತ್ರಿ ಬಾತಿನ ಬೆನ್ನ ಮೇಲೆ ಕೋಳಿಹಿಕ್ಕೆ ಬೀಳುತ್ತದೆ. ಅದು ಬೇಡ. ಕೋಳಿಯ ಕಡೆ ತಲೆಗೆ ಎರಡು ಚದರ ಅಡಿ, ಮಂಡಿಯೆತ್ತರದಲ್ಲಿ ಕೂರುವ ಕೋಲು. ಬಾತಿನ ಕಡೆ ತಲೆಗೆ ಮೂರು ಚದರ ಅಡಿ. ಹೊಸಕೋಟೆ, ಕೋಲಾರದ ಸೀಮೆಯಲ್ಲಿ ಕಲ್ಲು ಚಪ್ಪಡಿಗೆ ಬರವಿಲ್ಲ. ಬಾತಿನ ನೆಲಕ್ಕೆ ಚಪ್ಪಡಿ ಹಾಸಿ, ಹೊರಬಾಗಿಲ ಕಡೆ ತುಸು ಇಳಿಜಾರು ಕೊಟ್ಟರೆ ಬೆಳಗ್ಗೆ ಒಂದು ಬಕೆಟ್ ನೀರಲ್ಲಿ ತೊಳೆದು ಮುಗಿಸಬಹುದು. ಮಲಗಲು ಮೇಲೆ ರಾಗಿಹುಲ್ಲಿನ ಹಾಸು ಇರಲಿ. ಬರೀ ಕಲ್ಲಿನ ಮೇಲೆ ಮಲಗಿದ ಬಾತಿನ ಅಂಗಾಲು ಬಾತುಕೊಂಡು ಹುಣ್ಣಾಗುತ್ತದೆ. ಗಾಳಿಯಾಡುವ ಕಿಂಡಿಗಳು ಎತ್ತರದಲ್ಲಿರಲಿ, ಮುಂಗುಸಿ, ಕಾಡುಬೆಕ್ಕು ತೂರದಂತೆ ಅವಕ್ಕೆ ಸಣ್ಣ ಕಣ್ಣಿನ ಮೆಶ್ ಇರಲಿ. ಬೀದಿನಾಯಿಯ ಮಟ್ಟಿಗೆ ಕೋಳಿ ಹಾರಿ ತಪ್ಪಿಸಿಕೊಂಡೀತು, ಬಾತು ನಿಂತಲ್ಲೇ ಸಿಕ್ಕಿಬೀಳುತ್ತದೆ. ಸಂಜೆ ಮೊದಲು ಒಳಗಾಗಬೇಕಾದದ್ದು ಬಾತೇ.

ಎರಡನೆಯ ನಿಯಮ ನೀರಿನ ಜಾಗದ್ದು. ಹಿತ್ತಲಿನ ಇಳಿಜಾರು ಎತ್ತ ಇದೆ ಎಂದು ಮಳೆ ಬಂದಾಗ ನೋಡಿಕೊಂಡು, ಬಾತಿನ ನೀರನ್ನು ತಗ್ಗಿನ ಕೊನೆಯಲ್ಲೂ ಕೋಳಿಯ ನೀರನ್ನು ಎತ್ತರದ ಕಡೆ ಗೂಡಿನ ನೆರಳಲ್ಲೂ ಇಡಬೇಕು. ಎರಡರ ನಡುವೆ ಹತ್ತು ಹದಿನೈದು ಅಡಿಯಾದರೂ ಇರಲಿ. ಬಾತಿಗೆ ಈಜುಕೊಳ ಕಡ್ಡಾಯವಲ್ಲ; ತಲೆ ಅದ್ದಲು ಐದಾರು ಅಂಗುಲ ಆಳದ ನೀರು ಸಿಕ್ಕರೆ ಮೊಟ್ಟೆಗೆ ಕೊರತೆಯಿಲ್ಲ. ಗಾರೆ ಕೆಲಸದ ಆಳವಾದ ಬಾಂಡ್ಲಿ ಅಥವಾ ದನದ ಹಳೆಯ ಸಿಮೆಂಟ್ ತೊಟ್ಟಿ ಸಾಕು. ಅದರ ಕೆಳಗೆ ಎರಡಡಿ ಗುಂಡಿ ತೋಡಿ ಜಲ್ಲಿ ತುಂಬಿ, ಮೇಲೆ ಗಟ್ಟಿ ಕಂಬಿಜಾಲರಿ ಹಾಸಿ, ಜಾಲರಿಯ ಮೇಲೆ ಬಾಂಡ್ಲಿ ಇಟ್ಟರೆ ಚೆಲ್ಲಿದ ನೀರು ಕೆಸರಾಗದೆ ಇಂಗುತ್ತದೆ. ಕೋಳಿಗೆ ಎಷ್ಟೇ ಶುದ್ಧ ನೀರಿಟ್ಟರೂ ಅದು ಕೊಚ್ಚೆ ನೀರನ್ನೇ ಕುಡಿಯುತ್ತದೆ ಎಂದು ಗೊಣಗುವವರಿದ್ದಾರೆ. ಶುದ್ಧ ನೀರು ಬಿಸಿಲಲ್ಲಿ ಕಾದಿದ್ದು ಕೊಚ್ಚೆ ನೆರಳಲ್ಲಿದ್ದರೆ ಯಾವ ಹಕ್ಕಿಯೂ ಹಾಗೆಯೇ ಮಾಡೀತು. ಎರಡಡಿ ಎತ್ತರದ ಬೇಲಿ ಬಾತನ್ನು ತಡೆಯುತ್ತದೆ, ಕೋಳಿಯನ್ನು ತಡೆಯುವುದಿಲ್ಲ ಎಂಬುದೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಖಾಕಿ ಕ್ಯಾಂಪ್‌ಬೆಲ್ ಹಾರುವ ತಳಿಯಲ್ಲ. ಬೆಳಗಿನ ಹೊತ್ತು ಬಾತುಗಳನ್ನು ತಗ್ಗಿನ ಮೂಲೆಯಲ್ಲೇ ಗಿಡ್ಡ ಬೇಲಿಯೊಳಗೆ ಇಟ್ಟು, ಮಧ್ಯಾಹ್ನದ ಮೇಲೆ ಇಡೀ ಹಿತ್ತಲಿಗೆ ಬಿಟ್ಟರೆ ಕೆಸರು ಒಂದೇ ಕಡೆ ಉಳಿಯುತ್ತದೆ.

ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ತಾಲ್ಲೂಕಲ್ಲಿ ಹಕ್ಕಿಗಳ ಮುಖ ತೊಳೆಸಲು ನೀರು ಸುರಿಯುವುದು ಸರಿಯೇ ಎಂಬ ಆಕ್ಷೇಪ ತೂಕದ್ದು. ಆರು ಬಾತಿಗೆ 20 ಲೀಟರಿನ ಬಾಂಡ್ಲಿಯನ್ನು ದಿನಕ್ಕೆ ಎರಡು ಸಲ ಬದಲಿಸಿದರೆ 40 ಲೀಟರ್, ತಿಂಗಳಿಗೆ 1,200 ಲೀಟರ್. ಇದನ್ನು ಚರಂಡಿಗೆ ಬಿಟ್ಟರೆ ಖಂಡಿತ ದಂಡ. ಆದರೆ ಹಿತ್ತಲಲ್ಲಿ ಬಾಳೆ, ನುಗ್ಗೆ, ಕರಿಬೇವು, ತೆಂಗು ಇರುವ ಮನೆಯಲ್ಲಿ ಆ 40 ಲೀಟರ್ ಹೇಗೂ ಗಿಡಕ್ಕೆ ಹೋಗಲೇಬೇಕಾದ ನೀರು. ಬಾತಿನ ಬಾಂಡ್ಲಿಯ ಮೂಲಕ ಹಾದುಹೋದರೆ ಅದು ಸಾರಜನಕ ತುಂಬಿದ ಗೊಬ್ಬರದ ನೀರಾಗುತ್ತದೆ. ದಿನಾ ಒಂದೇ ಬುಡಕ್ಕೆ ಸುರಿಯದೆ ಸರದಿಯಲ್ಲಿ ಹಾಕಬೇಕು, ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಸೌತೆಯ ಮಡಿಗೆ ಹಾಕಬಾರದು. ಬಚ್ಚಲಿನ ಸೋಪುನೀರನ್ನೇ ಬಾತಿಗೆ ತಿರುಗಿಸಿದರಾಯಿತಲ್ಲ ಎನ್ನುವುದು ಸುಲಭದ ಯೋಚನೆ, ಆದರೆ ಸೋಪು ಗರಿಯ ಎಣ್ಣೆ ತೆಗೆದುಬಿಡುತ್ತದೆ, ಬಾತು ನೆನೆದು ನಡುಗುತ್ತದೆ. ಗಿಡವೇ ಇಲ್ಲದ, ಸಿಮೆಂಟು ಬಳಿದ ಅಂಗಳದವರಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ಅವರು ಕೋಳಿಯಲ್ಲೇ ತೃಪ್ತಿಪಡುವುದು ಲೇಸು. ತೋಟದ ಮನೆ ಕಟ್ಟಿ, ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದಲ್ಲಿ ಚೆಂದಕ್ಕೆಂದು ಬಾತು ತೇಲಿಬಿಡುವವರಿಗೂ ಒಂದು ಮಾತು: ಆ ಜಾರು ಹಾಳೆಯ ಕಡಿದಾದ ದಡವನ್ನು ಬಾತು ಹತ್ತಲಾರದು. ತೆಂಗಿನ ನಾರಿನ ಚಾಪೆಯನ್ನೋ ಮರದ ಹಲಗೆಯನ್ನೋ ನೀರಿನವರೆಗೆ ಇಳಿಬಿಡದಿದ್ದರೆ ಈಜುವ ಹಕ್ಕಿಯೇ ಸುಸ್ತಾಗಿ ಮುಳುಗುತ್ತದೆ.

ತಿನಿಸಿನ ವಿಷಯದಲ್ಲಿ ಎರಡಕ್ಕೂ ಒಂದೇ ಪಾತ್ರೆ ಇಡಬಹುದು ಎಂಬ ನಂಬಿಕೆ ಅಪಾಯದ್ದು. ಅದರಲ್ಲೂ ಒಂದು ಅಂಶ ಈ ಸೀಮೆಗೆ ನೇರವಾಗಿ ಅನ್ವಯಿಸುತ್ತದೆ. ಇಲ್ಲಿ ಮನೆಮನೆಯಲ್ಲೂ ಹಾಲಿನ ಹಸುವಿದೆ, ಹಸುವಿಗೆ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳದ ನುಚ್ಚು ಬರುತ್ತದೆ. ಚೀಲದ ತಳದಲ್ಲಿ ಬೂಷ್ಟು ಹಿಡಿದು ಉಳಿದದ್ದನ್ನು ಹಕ್ಕಿಗಳಿಗೆ ಎರಚುವುದು ರೂಢಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಜೊತೆಗೆ ಬಾತುಮರಿಗಳೂ ಸತ್ತವು. ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ತಂದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಅದರೊಳಗಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಆ ವಿಷಕ್ಕೆ ಬಾತುಮರಿಯಷ್ಟು ಬೇಗ ಬಲಿಯಾಗುವ ಸಾಕುಹಕ್ಕಿ ಇನ್ನೊಂದಿಲ್ಲ. ಪ್ರಯೋಗಾಲಯಗಳಲ್ಲಿ ಅಫ್ಲಾಟಾಕ್ಸಿನ್ ಇದೆಯೇ ಎಂದು ಪರೀಕ್ಷಿಸಲು ಒಂದು ದಿನದ ಬಾತುಮರಿಗಳನ್ನೇ ಬಳಸುತ್ತಿದ್ದರು. ಕೋಳಿ ಅರಗಿಸಿಕೊಂಡು ಬದುಕುವ ಪ್ರಮಾಣದಲ್ಲೇ ಬಾತಿನ ಪಿತ್ತಜನಕಾಂಗ ಕೆಡುತ್ತದೆ. ಕೋಳಿಗೆ ಏನೂ ಆಗಲಿಲ್ಲವಲ್ಲ ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ. ಬೂಷ್ಟಿನ ಹಿಂಡಿ, ಹಸಿರುಗಟ್ಟಿದ ಜೋಳ, ಬೇಕರಿಯ ಹಳಸಿದ ಬ್ರೆಡ್ಡು ತಿಪ್ಪೆಗೂ ಬೇಡ, ಹಕ್ಕಿಗಳು ಅಲ್ಲಿಗೂ ಹೋಗುತ್ತವೆ, ಮಣ್ಣಲ್ಲಿ ಹೂತುಬಿಡಬೇಕು.

ಮರಿಗಳ ಮಟ್ಟಿಗೆ ಇನ್ನೆರಡು ಮಾತು. ಬಾತುಮರಿಗೆ ನಿಯಾಸಿನ್ ಎಂಬ ಬಿ ಗುಂಪಿನ ಜೀವಸತ್ವ ಕೋಳಿಪಿಳ್ಳೆಗಿಂತ ಹೆಚ್ಚುಕಡಿಮೆ ಇಮ್ಮಡಿ ಬೇಕು. ಬರೀ ಕೋಳಿಮರಿಯ ಆಹಾರ ತಿಂದ ಬಾತುಮರಿಯ ಕಾಲು ಎರಡು ಮೂರು ವಾರದಲ್ಲಿ ಬಿಲ್ಲಿನಂತೆ ಬಾಗಿ ಕುಂಟತೊಡಗುವುದು ಇದರಿಂದಲೇ. ಆಹಾರದಲ್ಲಿ ಯೀಸ್ಟ್ ಪುಡಿ ಬೆರೆಸುವುದು ಅಥವಾ ಪಶುವೈದ್ಯರು ಹೇಳಿದ ಅಳತೆಯಲ್ಲಿ ಬಿ-ಕಾಂಪ್ಲೆಕ್ಸ್ ಕೊಡುವುದು ಪರಿಹಾರ. ಬ್ರಾಯ್ಲರ್ ಸ್ಟಾರ್ಟರ್ ಆಹಾರಗಳಲ್ಲಿ ಕಾಕ್ಸಿಡಿಯಾ ತಡೆಯುವ ಔಷಧಿ ಬೆರೆತಿರುವುದುಂಟು. ಆ ಅಳತೆ ಕೋಳಿಗೆಂದು ಮಾಡಿದ್ದು, ಹೆಚ್ಚು ತಿನ್ನುವ ಬಾತುಮರಿಗಲ್ಲ. ಚೀಲದ ಚೀಟಿ ಓದಿ, ಔಷಧಿ ಇಲ್ಲದ್ದನ್ನು ಕೇಳಿ ತರಬೇಕು. ಬೆಳೆದ ಹಕ್ಕಿಗಳಲ್ಲಿ ಕೋಳಿಗೆ ಒಣ ಪುಡಿ ಸಾಕು, ಬಾತಿಗೆ ಒಣ ಪುಡಿ ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ. ತೌಡು, ನುಚ್ಚನ್ನು ಸ್ವಲ್ಪ ನೀರಲ್ಲಿ ಕಲಸಿ, ಅರ್ಧ ಗಂಟೆಯಲ್ಲಿ ತಿಂದು ಮುಗಿಸುವಷ್ಟೇ ಕೊಟ್ಟು, ಉಳಿದದ್ದನ್ನು ತೆಗೆದುಬಿಡಬೇಕು. ವಿಜಯಪುರ, ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಉಳಿಯುವ ಗೂಡಿನ ಹುಳು ಒಳ್ಳೆಯ ಸಸಾರಜನಕ. ಎಣ್ಣೆಯಂಶ ಹೆಚ್ಚಾದ್ದರಿಂದ ಬೇಗ ನಾರುತ್ತದೆ, ಹೆಚ್ಚು ಹಾಕಿದರೆ ಮೊಟ್ಟೆಯೂ ನಾರುತ್ತದೆ. ಚೆನ್ನಾಗಿ ಒಣಗಿಸಿದ್ದನ್ನು ಒಂದು ಹಿಡಿಯ ಮಟ್ಟಿಗೆ ಬಳಸಬಹುದು. ದ್ರಾಕ್ಷಿತೋಟಕ್ಕೆ ಔಷಧಿ ಹೊಡೆದ ದಿನಗಳಲ್ಲಿ ಹಕ್ಕಿಗಳನ್ನು ಅತ್ತ ಬಿಡಬಾರದು ಎಂದು ಹೇಳಬೇಕಾಗಿಲ್ಲ, ಆದರೂ ಪಕ್ಕದ ತೋಟದವರು ಯಾವಾಗ ಹೊಡೆಯುತ್ತಾರೆಂದು ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಜಗಳ ದೊಡ್ಡ ಮಾತಲ್ಲ ಎಂದು ಮೊದಲೇ ಹೇಳಿದ್ದಕ್ಕೆ ಒಂದು ವಿನಾಯಿತಿ ಇದೆ, ಅದು ಗಂಡು ಬಾತು. ಹೆಣ್ಣು ಬಾತು ಸಾಲದಾದಾಗ ಅದು ಹ್ಯಾಟೆಯ ಮೇಲೇರುತ್ತದೆ. ಹುಂಜಕ್ಕಿಲ್ಲದ ಹೊರಚಾಚುವ ಜನನಾಂಗ ಬಾತಿಗಿದೆ. ಹ್ಯಾಟೆಗೆ ಒಳಗಾಯವಾಗಿ ಸಾಯಬಹುದು. ಐದಾರು ಹೆಣ್ಣಿಗೆ ಒಂದೇ ಗಂಡು ಎಂಬುದು ಮಿತಿ. ತಿನ್ನುವ ಮೊಟ್ಟೆಯಷ್ಟೇ ಬೇಕಾದ ಮನೆಗೆ ಗಂಡು ಬಾತಿನ ಅಗತ್ಯವೇ ಇಲ್ಲ. ಎರಡು ಮೂರು ತಿಂಗಳಾದ ಮೇಲೆ ಗುರುತು ಸುಲಭ: ಜೋರಾಗಿ ಕ್ವಾಕ್ ಎಂದು ಕೂಗುವುದು ಹೆಣ್ಣು, ಗಂಟಲು ಕಟ್ಟಿದಂತೆ ಉಸುರುವುದು ಗಂಡು; ಗಂಡಿನ ಬಾಲದ ಮೇಲೆ ಸುರುಳಿ ಗರಿಯೂ ಬರುತ್ತದೆ. ಮರಿ ಮಾಡಿಸಬೇಕೆಂದರೂ ಖಾಕಿ ಕ್ಯಾಂಪ್‌ಬೆಲ್ ತಾನಾಗಿ ಕಾವಿಗೆ ಕೂರುವುದು ಅಪರೂಪ, ಆ ಕೆಲಸ ನಾಟಿ ಹ್ಯಾಟೆಯದ್ದೇ. ಬಾತುಮೊಟ್ಟೆಗೆ 28 ದಿನ, ಕೋಳಿಮೊಟ್ಟೆಗೆ 21. ಎರಡನ್ನೂ ಒಂದೇ ಹ್ಯಾಟೆಯ ಕೆಳಗೆ ಇಡುವವರು ಮೊದಲು ಬಾತಿನ ಮೊಟ್ಟೆಯಿಟ್ಟು ಏಳು ದಿನ ಬಿಟ್ಟು ಕೋಳಿಯದ್ದನ್ನು ಸೇರಿಸಬೇಕು. ಹುಟ್ಟಿದ ಮೇಲೆ ಒಂದೇ ಮಂಕರಿಯಲ್ಲಿ ಮುಚ್ಚಿಡುವುದು ಮಾತ್ರ ಬೇಡ: ಬಾತುಮರಿ ಎರಚಿದ ನೀರಲ್ಲಿ ನೆನೆದ ಕೋಳಿಪಿಳ್ಳೆ ರಾತ್ರಿಯ ಚಳಿಗೆ ಸಾಯುತ್ತದೆ. ಹ್ಯಾಟೆ ಸಾಕಿದ ಬಾತುಮರಿಗಳನ್ನೂ ಮೊದಲ ವಾರಗಳಲ್ಲಿ ಈಜಲು ಬಿಡಬಾರದು, ತಾಯಿಬಾತಿನ ಗರಿಯಿಂದ ಸಿಗುವ ಎಣ್ಣೆ ಅವುಗಳ ತುಪ್ಪಳಕ್ಕೆ ಸಿಕ್ಕಿರುವುದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹಕ್ಕಿಜ್ವರದ್ದು. ಎರಡು ಜಾತಿಯ ಹಕ್ಕಿಗಳನ್ನು ಬೆರೆಸುವುದೇ ತಪ್ಪು ಎಂದು ದೊಡ್ಡ ಫಾರಂಗಳ ತಜ್ಞರು ಹೇಳುವುದಕ್ಕೆ ಆಧಾರವಿದೆ. ಈ ವೈರಸ್ಸಿನ ಕೆಲವು ತಳಿಗಳು ಬಾತಿನ ದೇಹದಲ್ಲಿ ಯಾವ ಲಕ್ಷಣವನ್ನೂ ತೋರದೆ ಇರುತ್ತವೆ, ಅದೇ ಕೋಳಿಗೆ ತಗುಲಿದರೆ ಒಂದೆರಡು ದಿನದಲ್ಲಿ ಗೂಡು ಖಾಲಿ. 2004ರಲ್ಲಿ ಥೈಲ್ಯಾಂಡಿನಲ್ಲಿ ರೋಗ ಹರಡಿದ್ದಕ್ಕೂ ಗದ್ದೆಯಿಂದ ಗದ್ದೆಗೆ ಮೇಯುವ ಬಾತಿನ ಹಿಂಡುಗಳಿಗೂ ನಂಟಿತ್ತು. ಕೇರಳದ ಕುಟ್ಟನಾಡಿನಲ್ಲಿ 2014ರಲ್ಲಿ ಬಾತುಗಳೇ ಸಾವಿರಗಟ್ಟಲೆ ಸತ್ತವು, ಆದ್ದರಿಂದ ಬಾತು ಸಾಯುವುದಿಲ್ಲ ಎಂದೂ ನಂಬುವಂತಿಲ್ಲ. ನಮ್ಮ ಹತ್ತಿರದ ಉದಾಹರಣೆಗಳೂ ಇವೆ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಟರ್ಕಿಗಳಲ್ಲಿ ಎಚ್5ಎನ್1 ಕಾಣಿಸಿಕೊಂಡಾಗ ಆವರಣದ ಉಳಿದ ಹಕ್ಕಿಗಳನ್ನೂ ಕೊಲ್ಲಬೇಕಾಯಿತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ರೋಗ ಮೊದಲು ಗೊತ್ತಾದದ್ದು ಹಿತ್ತಲ ಕೋಳಿಗಳ ಸಾವಿನಿಂದಲೇ. ರೋಗ ಖಚಿತವಾದರೆ ಸುತ್ತಲ ಒಂದು ಕಿಲೋಮೀಟರಿನ ಸಾಕುಹಕ್ಕಿಗಳನ್ನು ಕೊಲ್ಲುತ್ತಾರೆ, ಹತ್ತು ಕಿಲೋಮೀಟರಿನವರೆಗೆ ನಿಗಾ ಇಡುತ್ತಾರೆ. ಅಂದರೆ ಒಂದು ಮನೆಯ ಅಜಾಗರೂಕತೆಗೆ ಊರಿನ ಬ್ರಾಯ್ಲರ್ ಶೆಡ್‌ಗಳೂ ದಂಡ ತೆರುತ್ತವೆ.

ಇಷ್ಟಾದರೂ ಬೆರೆಸಲೇಬಾರದು ಎಂಬ ತೀರ್ಮಾನಕ್ಕೆ ಈ ಸಾಕ್ಷ್ಯ ಒಯ್ಯುವುದಿಲ್ಲ. ಮನೆಯ ಆರು ಬಾತುಗಳಿಗೆ ವೈರಸ್ಸು ಬರಬೇಕಾದರೆ ಹೊರಗಿನ ಹಕ್ಕಿಯ ಹಿಕ್ಕೆ, ಕೆರೆಯ ನೀರು, ಸಂತೆಯಿಂದ ತಂದ ಹೊಸ ಹಕ್ಕಿ, ಫಾರಂಗೆ ಹೋಗಿಬಂದ ಚಪ್ಪಲಿ, ಇವುಗಳಲ್ಲಿ ಒಂದರ ದಾರಿ ಬೇಕು. ಥೈಲ್ಯಾಂಡಿನ ಪಾಠವೂ ಅಲೆಮಾರಿ ಹಿಂಡಿನದ್ದು, ಬೇಲಿಯೊಳಗಿನ ಹಕ್ಕಿಯದ್ದಲ್ಲ. ಹೊಸಕೋಟೆ ಕೆರೆಗೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ; ತುಂಬಿದ ಸಣ್ಣ ಕೆರೆ ಕುಂಟೆಗಳಲ್ಲೂ ಕಾಡುಬಾತುಗಳು ಇಳಿಯುತ್ತವೆ. ಸಾಕಿದ ಬಾತನ್ನು ಕೆರೆಗೆ ಅಟ್ಟಿ ಸಂಜೆ ಕರೆತರುವುದು ನೋಡಲು ಸೊಗಸು, ಆದರೆ ನವೆಂಬರಿನಿಂದ ಮಾರ್ಚಿನವರೆಗೆ ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಹಿತ್ತಲ ಬಾಂಡ್ಲಿಯ ನೀರಿನ ಬೆಲೆ ಇಲ್ಲಿ ಮತ್ತೆ ಗೊತ್ತಾಗುತ್ತದೆ. ಹೊಸ ಹಕ್ಕಿ ತಂದರೆ ಮೂರು ನಾಲ್ಕು ವಾರ ಬೇರೆ ಇಡಬೇಕು. ಬ್ರಾಯ್ಲರ್ ಶೆಡ್ಡಿನಲ್ಲಿ ಕೆಲಸ ಮಾಡುವವರು ಮನೆಯಲ್ಲಿದ್ದರೆ ಬೆರಕೆ ಹಿಂಡು ಬೇಡವೇ ಬೇಡ. ಒಟ್ಟೊಟ್ಟಿಗೆ ಹಕ್ಕಿಗಳು ಸತ್ತರೆ ಮುಟ್ಟದೆ, ತಿಪ್ಪೆಗೆ ಎಸೆಯದೆ, ಪಶು ಆಸ್ಪತ್ರೆಗೆ ತಿಳಿಸಬೇಕು. ಅಜ್ಜಿಯ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ ಎನ್ನುವವರಿಗೆ ಹೇಳಬೇಕಾದದ್ದು, ಆಗ ಸುತ್ತ ಇಷ್ಟು ಫಾರಂಗಳೂ ಇರಲಿಲ್ಲ, ಕೊಕ್ಕರೆ ರೋಗ ಬಂದಾಗ ಕೇರಿಯ ಕೋಳಿಯೆಲ್ಲ ಹೋಗುವುದನ್ನು ಜನ ಹಣೆಬರಹವೆಂದು ಒಪ್ಪಿಕೊಂಡಿದ್ದರು. ಆ ಕೊಕ್ಕರೆ ರೋಗಕ್ಕೆ, ಎಂದರೆ ರಾಣಿಖೇತ್‌ಗೆ, ಇಂದು ಲಸಿಕೆಯಿದೆ: ಕೋಳಿಪಿಳ್ಳೆಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಆರರಿಂದ ಎಂಟನೆಯ ವಾರದಲ್ಲಿ ಆರ್2ಬಿ ಚುಚ್ಚುಮದ್ದು. ಬಾತು ಆ ರೋಗವನ್ನು ಹೆಚ್ಚಾಗಿ ತಾಳಿಕೊಳ್ಳುತ್ತದೆ, ಸೋಂಕನ್ನು ಮಾತ್ರ ದಾಟಿಸಬಲ್ಲದು. ಬಾತಿರುವ ಮನೆಯಲ್ಲಿ ಕೋಳಿಯ ಲಸಿಕೆ ತಪ್ಪಿಸುವಂತಿಲ್ಲ. ಒಂದು ಸೀಸೆಯಲ್ಲಿ ನೂರಾರು ಹಕ್ಕಿಗಾಗುವಷ್ಟು ಮದ್ದಿರುತ್ತದೆ, ಕರಗಿಸಿದ ಮೇಲೆ ಕೆಲವೇ ಗಂಟೆ ಬಾಳುತ್ತದೆ. ಕೇರಿಯ ನಾಲ್ಕಾರು ಮನೆಯವರು ಒಂದೇ ಬೆಳಗ್ಗೆ ಸೇರಿ ಹಾಕಿಸಿದರೆ ಯಾರಿಗೂ ಭಾರವಲ್ಲ.

ಶುರು ಮಾಡುವವರಿಗೆ ಹತ್ತು ಹ್ಯಾಟೆ, ಒಂದು ಹುಂಜ, ಐದಾರು ಹೆಣ್ಣು ಬಾತು ಸಾಕು. ಕೋಳಿಯಲ್ಲಿ ನಾಟಿಯೇ ಬೇಕೆಂದಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ತಳಿಗಳೂ ಹಿತ್ತಲಿಗೆ ಒಗ್ಗುತ್ತವೆ, ಕಾವಿಗೆ ಕೂರಿಸಲು ಒಂದೆರಡು ನಾಟಿ ಹ್ಯಾಟೆ ಇದ್ದರಾಯಿತು. ಬಾತುಮರಿಗೆ ಹೆಸರಘಟ್ಟದ ಕೇಂದ್ರದಲ್ಲಿ ಮುಂಚಿತವಾಗಿ ವಿಚಾರಿಸುವುದು ಒಳ್ಳೆಯದು, ಬೈಕಿನ ಬುಟ್ಟಿಯಲ್ಲಿ ಮಾರಿಕೊಂಡು ಬರುವವರ ಮರಿ ಯಾವ ಊರಿನದೋ, ಯಾವ ರೋಗದ್ದೋ. ಜೂನ್ ಜುಲೈನಲ್ಲಿ ತಂದ ಮರಿಗಳು ಸುಮಾರು ಐದು ತಿಂಗಳಿಗೆ ಮೊಟ್ಟೆಗೆ ಬರುತ್ತವೆ. ಬಾತು ಬೆಳಗಿನ ಒಂಬತ್ತರೊಳಗೆ ಮೊಟ್ಟೆಯಿಟ್ಟು ಮುಗಿಸುವ ಹಕ್ಕಿ. ಅಷ್ಟರವರೆಗೆ ಗೂಡಿನಲ್ಲೇ ಇರಿಸದಿದ್ದರೆ ಮೊಟ್ಟೆ ಹುಲ್ಲಲ್ಲೋ ಕೆಸರಲ್ಲೋ ಸಿಗುತ್ತದೆ, ಎಷ್ಟೋ ಸಲ ಕಾಗೆಗೆ ಮೊದಲು ಸಿಗುತ್ತದೆ. ಕೋಳಿಗೆ ಈ ಕಟ್ಟಳೆಯಿಲ್ಲ, ಅದರ ಬಾಗಿಲನ್ನು ಬೆಳಕು ಹರಿಯುತ್ತಲೇ ತೆಗೆಯಬಹುದು. ಬಾಗಿಲು ಎರಡಿರಬೇಕು ಎಂದದ್ದಕ್ಕೆ ಇದೂ ಒಂದು ಕಾರಣ. ಕೆಸರು ಮೆತ್ತಿದ ಬಾತುಮೊಟ್ಟೆಯನ್ನು ತೊಳೆದಿಟ್ಟರೆ ಬೇಗ ಕೆಡುತ್ತದೆ, ಒಣ ಬಟ್ಟೆಯಲ್ಲಿ ಒರೆಸಿಟ್ಟು ಬೇಗ ಬಳಸಬೇಕು. ಹಿಕ್ಕೆಯ ಸೋಂಕು ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಒಳಗಿಳಿಯುವ ಸಾಧ್ಯತೆ ಇರುವುದರಿಂದ ಹಸಿಯಾಗಿಯೋ ಅರೆಬೆಂದದ್ದನ್ನೋ ತಿನ್ನದೆ, ಹಳದಿ ಗಟ್ಟಿಯಾಗುವವರೆಗೆ ಬೇಯಿಸಿಯೇ ತಿನ್ನಬೇಕು.